ಸ್ಕ್ಯಾನ್ ಪುಟ ಚಿಕ್ಕದು ಮಾಡಿದರೆ ‘ಷ’ ಹೋಗಿ ‘ಪ’ ಆಗುತ್ತಿದೆ, ಫಿಲ್ಟರ್ ಬದಲಿಸಿದರೂ ಫಲವಿಲ್ಲ

ಪ್ರಶ್ನೆ:
ನಮಸ್ಕಾರ. ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿಗಳಂತೆ) ಕಪ್ಪು-ಬಿಳುಪಾಗಿ ಸ್ಕ್ಯಾನ್ ಮಾಡಿ ಟಿಫ್ ಕಡತಗಳಾಗಿ ಇಟ್ಟುಕೊಂಡಿದ್ದೇನೆ. ಮೊಬೈಲಿನಲ್ಲಿ ಓದಲು ಅನುಕೂಲವಾಗಲೆಂದು ಪೈಥಾನ್‌ನ ಪಿಲ್ಲೋ ಲೈಬ್ರರಿಯಿಂದ ಅವನ್ನು 150 ಡಿಪಿಐಗೆ ಇಳಿಸಿದರೆ ಒತ್ತಕ್ಷರಗಳು ತುಂಡುತುಂಡಾಗುತ್ತವೆ. ‘ಷ’ದ ಹೊಟ್ಟೆ ಸೀಳುವ ಗೆರೆ ಅಲ್ಲಲ್ಲಿ ಮಾಯವಾಗಿ ‘ಭಾಷೆ’ ಎಂಬುದು ‘ಭಾಪೆ’ಯಂತೆ ಕಾಣುತ್ತದೆ. ಅಳತೆ ಬದಲಿಸುವಾಗ ಹೊಸ ಪಿಕ್ಸೆಲ್‌ಗಳನ್ನು ಲೆಕ್ಕ ಹಾಕುವ ಫಿಲ್ಟರ್‌ಗಳಾದ ಬೈಲೀನಿಯರ್, ಬೈಕ್ಯೂಬಿಕ್, ಲ್ಯಾಂಕ್ಜೋಸ್ ಮೂರನ್ನೂ ಕೊಟ್ಟು ನೋಡಿದೆ, ಒಂದು ಪಿಕ್ಸೆಲ್‌ನಷ್ಟೂ ವ್ಯತ್ಯಾಸವಿಲ್ಲ. ದಯವಿಟ್ಟು ಪರಿಹಾರ ತಿಳಿಸಿ.

ಉತ್ತರ:
ಮೂರು ಫಿಲ್ಟರ್‌ಗಳಿಂದಲೂ ಒಂದೇ ಫಲಿತಾಂಶ ಬರುತ್ತಿದೆ ಎಂದು ನೀವು ಬರೆದಿರುವುದರಲ್ಲೇ ಕಾರಣದ ಸುಳಿವಿದೆ. ನಿಮ್ಮ ಕಡತದಲ್ಲಿ ಪ್ರತಿ ಪಿಕ್ಸೆಲ್‌ಗೆ ಒಂದೇ ಬಿಟ್ ಇದೆ, ಅಂದರೆ ಅದು ಕಪ್ಪು ಇಲ್ಲವೇ ಬಿಳಿ ಮಾತ್ರ. ಪಿಲ್ಲೋದ ಲೆಕ್ಕದಲ್ಲಿ ಅದು ‘1’ ಮೋಡ್. ಇಂಥ ಚಿತ್ರಕ್ಕೆ, ಹಾಗೆಯೇ ಪ್ಯಾಲೆಟ್ (ಬಣ್ಣಗಳ ಪಟ್ಟಿ) ಇರುವ ‘ಪಿ’ ಮೋಡ್‌ನ ಚಿತ್ರಕ್ಕೆ, ನೀವು ಯಾವ ಫಿಲ್ಟರ್ ಹೇಳಿದರೂ ಪಿಲ್ಲೋ ಅದನ್ನು ಬದಿಗಿಟ್ಟು ನಿಯರೆಸ್ಟ್ ವಿಧಾನವನ್ನೇ ಬಳಸುತ್ತದೆ. 600ರಿಂದ 150ಕ್ಕೆ ಇಳಿಸುವಾಗ ಮೂಲದ 4×4 ಚೌಕದಲ್ಲಿರುವ 16 ಪಿಕ್ಸೆಲ್‌ಗಳ ಜಾಗಕ್ಕೆ ಒಂದೇ ಪಿಕ್ಸೆಲ್ ಬರಬೇಕು. ನಿಯರೆಸ್ಟ್ ಆ 16ರಲ್ಲಿ ಒಂದನ್ನು ಎತ್ತಿಕೊಂಡು ಉಳಿದ 15ನ್ನು ನೋಡುವುದೇ ಇಲ್ಲ. 3 ಪಿಕ್ಸೆಲ್ ದಪ್ಪದ ಅಡ್ಡಗೆರೆಯೊಂದು ಅದು ಎತ್ತಿಕೊಳ್ಳುವ ಎರಡು ಸಾಲುಗಳ ನಡುವೆ ಬಿದ್ದರೆ ಪೂರ್ತಿ ಅಳಿಸಿಹೋಗುತ್ತದೆ.

ಆದ್ದರಿಂದ ರೀಸೈಜ್‌ಗೆ ಮೊದಲು ಕನ್ವರ್ಟ್ ಆಜ್ಞೆಯಿಂದ ಚಿತ್ರವನ್ನು ‘ಎಲ್’ ಮೋಡ್‌ಗೆ, ಅಂದರೆ ಕಪ್ಪಿನ 0ಯಿಂದ ಬಿಳಿಯ 255ರವರೆಗಿನ ಬೂದು ಛಾಯೆಗಳಿಗೆ ತನ್ನಿ. ಆಗ 16ರಲ್ಲಿ 4 ಕಪ್ಪು, 12 ಬಿಳಿ ಇದ್ದರೆ ಬಾಕ್ಸ್ ಫಿಲ್ಟರ್ ಸರಾಸರಿ ತೆಗೆದು 191 ಎಂಬ ತಿಳಿ ಬೂದನ್ನು ಬರೆಯುತ್ತದೆ. ಗೆರೆ ಮಂಕಾದರೂ ಉಳಿಯುತ್ತದೆ. ಲ್ಯಾಂಕ್ಜೋಸ್ ಇದೇ ಇಳಿಕೆಗೆ ಸುಮಾರು 24×24 ಪಿಕ್ಸೆಲ್‌ಗಳನ್ನು, ನಡುವಿನವಕ್ಕೆ ಹೆಚ್ಚು ತೂಕ ಕೊಟ್ಟು, ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಅಂಚು ಇನ್ನಷ್ಟು ಸ್ಪಷ್ಟವಾಗಿರುತ್ತದೆ. ಅಕ್ಷರಗಳಿಗೆ ನನ್ನ ಆಯ್ಕೆ ಅದೇ. ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿಯೂ ಇಂಡೆಕ್ಸ್ಡ್ (ಪ್ಯಾಲೆಟ್ ಇರುವ) ಚಿತ್ರಗಳಿಗೆ ಇದೇ ತೊಡಕಿದೆ, ಅಲ್ಲಿ ಮೊದಲು ಗ್ರೇಸ್ಕೇಲ್‌ಗೆ ಬದಲಿಸಬೇಕು.

ಮರುಪ್ರಶ್ನೆ:
ತುಂಬಾ ಧನ್ಯವಾದಗಳು, ‘ಷ’ ಈಗ ಸರಿಯಾಗಿ ಬರುತ್ತಿದೆ. ಆದರೆ ಕಡತದ ಗಾತ್ರ ಇಳಿಸಲು ಕೊನೆಯಲ್ಲಿ ಮತ್ತೆ ‘1’ ಮೋಡ್‌ಗೆ ತಂದರೆ ಅಕ್ಷರಗಳ ಅಂಚಿನಲ್ಲೆಲ್ಲ ಚುಕ್ಕಿಗಳು ಕಾಣುತ್ತವೆ.

ಉತ್ತರ:
‘1’ ಮೋಡ್‌ಗೆ ಹೋಗುವಾಗ ಕನ್ವರ್ಟ್ ತಾನಾಗಿಯೇ ಫ್ಲಾಯ್ಡ್-ಸ್ಟೈನ್‌ಬರ್ಗ್ ಡಿದರಿಂಗ್ ಮಾಡಿ ಬೂದನ್ನು ಚುಕ್ಕಿಗಳಾಗಿ ಹರಡುತ್ತದೆ. ಡಿದರಿಂಗ್ ನಿಲ್ಲಿಸಿದರೆ ಚುಕ್ಕಿಗಳೇನೋ ಹೋಗುತ್ತವೆ, ಆದರೆ 128ರ ಗಡಿಯ ಮೇಲಿರುವ 191 ನೇರವಾಗಿ ಬಿಳಿಯಾಗಿ, ಉಳಿಸಿಕೊಂಡ ಗೆರೆ ಮತ್ತೆ ಕೈತಪ್ಪುತ್ತದೆ. 150 ಡಿಪಿಐ ಪ್ರತಿಯನ್ನು ಬೂದಾಗಿಯೇ ಪಿಎನ್‌ಜಿಯಲ್ಲಿ ಇಡಿ; ಒಂದು ಬಿಟ್ಟಿನದೇ ಬೇಕೆಂದಾದರೆ 300 ಡಿಪಿಐಗಿಂತ ಕೆಳಗೆ ಇಳಿಸಬೇಡಿ. 600ರ ಮೂಲ ಕಡತಗಳನ್ನು ಮಾತ್ರ ಅಳಿಸಬೇಡಿ, ಏಕೆಂದರೆ ಚಿಕ್ಕದಾದ ಚಿತ್ರವನ್ನು ಮತ್ತೆ ಹಿಗ್ಗಿಸಿದರೆ ಪಿಕ್ಸೆಲ್‌ಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಹೋದ ವಿವರ ಮರಳುವುದಿಲ್ಲ.