ಗರ್ಭಪಾತ ಮಾಡಿಸಬೇಕು. ಎಷ್ಟು ವಾರ ಅಂತ ಗೊತ್ತಿಲ್ಲ, ಗಂಡನ ಸಹಿ ಬೇಕು ಅಂತಿದ್ದಾರೆ. ಪುಣೆಯಲ್ಲಿ ಏನು ದಾರಿ?

ವಾಕಡ್‌ನಿಂದ:
ಊರು ಹುಬ್ಬಳ್ಳಿ, ಈಗ ಪುಣೆಯ ವಾಕಡ್‌ನಲ್ಲಿದ್ದೇನೆ. ಮೊದಲ ಮಗನಿಗೆ ವರ್ಷ ತುಂಬಿದೆ ಅಷ್ಟೆ, ಸಿಸೇರಿಯನ್ ಆಗಿತ್ತು. ಇನ್ನೂ ಹಾಲು ಕುಡಿಯುತ್ತಾನೆ. ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ, ಅದಕ್ಕೇ ಮತ್ತೆ ಬಸಿರು ಅಂತ ತಿಳಿಯುವುದು ತಡವಾಯಿತು. ಏಳು ವಾರವೋ ಹತ್ತು ವಾರವೋ ನನಗೇ ಗೊತ್ತಿಲ್ಲ. ಈಗ ಇನ್ನೊಂದು ಮಗು ಬೇಡ ಅಂತ ನಾನೂ ಯಜಮಾನರೂ ಮಾತಾಡಿಕೊಂಡಿದ್ದೇವೆ. ಅವರು ಕಂಪನಿ ಕೆಲಸದ ಮೇಲೆ ಹೋದ ವಾರ ದೋಹಾಕ್ಕೆ ಹೋದರು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಗಂಡ ಬಂದು ಸಹಿ ಮಾಡಿದರೆ ಮಾತ್ರ ಅಂದರು. ಪಕ್ಕದ ಫ್ಲಾಟಿನವರು ಮೆಡಿಕಲ್‌ನಿಂದ ಗುಳಿಗೆ ತಂದು ನುಂಗಿಬಿಡು ಅಂತಾರೆ. ಒಳಗೆ ಈಗ ಎಷ್ಟು ಬೆಳೆದಿರುತ್ತದೆ? ಯಾವ ವಾರಕ್ಕೆ ಏನು ಮಾಡುತ್ತಾರೆ? ಅಮ್ಮನ ಹತ್ತಿರ ಕೇಳುವ ಧೈರ್ಯ ಇಲ್ಲ. ಬಲ್ಲವರು ಬಿಡಿಸಿ ಹೇಳಿ.

ಡೊಂಬಿವಲಿ ಸಿಸ್ಟರ್:
ನೋಡವ್ವಾ ತಂಗಿ, ನಾನು ಧಾರವಾಡದ ಕಡೆಯವಳು. ಮುಂಬೈಯ ಮುನ್ಸಿಪಲ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಈಗ ರಿಟೈರ್ ಆಗಿದ್ದೇನೆ. ಮೊದಲು ಸೋನೋಗ್ರಫಿ ಮಾಡಿಸು. ನಾಳೆಯೇ ಆದರೆ ಒಳ್ಳೇದು. ಗುಳಿಗೆಯ ಮಾತು ಆಮೇಲೆ.

ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಬಸಿರು ನಿಲ್ಲುವುದು ಅದಕ್ಕೆ ಸುಮಾರು ಎರಡು ವಾರ ಆದ ಮೇಲೆ. ನಿನ್ನ ಹಾಗೆ ತಾರೀಖು ಗೊತ್ತಿಲ್ಲದವರಿಗೆ ಪಿಂಡದ ಉದ್ದ ಅಳೆದು ವಾರ ಹೇಳುತ್ತಾರೆ. ಮೊದಲ ಮೂರು ತಿಂಗಳಲ್ಲಿ ಈ ಲೆಕ್ಕ ಒಂದು ವಾರಕ್ಕಿಂತ ಹೆಚ್ಚು ತಪ್ಪುವುದಿಲ್ಲ. ಆರನೇ ವಾರದ ಹೊತ್ತಿಗೆ ಹೃದಯದ ಮಿಡಿತ ಸ್ಕ್ರೀನಿನಲ್ಲಿ ಮಿಣುಕಿದ ಹಾಗೆ ಕಾಣುತ್ತದೆ. ಏಳಕ್ಕೆ ಒಂದು ಸೆಂಟಿಮೀಟರ್, ಎಂಟಕ್ಕೆ ಒಂದೂವರೆ ದಾಟಿರುತ್ತದೆ. ಹತ್ತಕ್ಕೆ ಮೂರು ಸೆಂಟಿಮೀಟರ್, ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಹನ್ನೆರಡಕ್ಕೆ ಐದಾರು.

ಸೋನೋಗ್ರಫಿ ಬೇಕೇ ಬೇಕು ಅನ್ನುವುದು ಬರೀ ವಾರಕ್ಕಲ್ಲ. ಬಸಿರು ಗರ್ಭಕೋಶದ ಒಳಗೇ ಇದೆಯಾ ಅಂತ ನೋಡಬೇಕು. ಗರ್ಭನಳಿಕೆಯಲ್ಲಿ ನಿಂತಿದ್ದರೆ ಈ ಗುಳಿಗೆ ಕೆಲಸ ಮಾಡುವುದಿಲ್ಲ, ನಳಿಕೆ ಒಡೆದರೆ ಜೀವಕ್ಕೇ ಅಪಾಯ. ನಿನಗೆ ಸಿಸೇರಿಯನ್ ಬೇರೆ ಆಗಿದೆ. ಅಪರೂಪಕ್ಕೆ ಹಳೇ ಹೊಲಿಗೆಯ ಗಾಯದಲ್ಲೇ ನಿಲ್ಲುವುದೂ ಉಂಟು. ಮೆಡಿಕಲ್‌ನಿಂದ ತಂದು ನುಂಗಿ, ರಕ್ತ ಸುರಿದು ಬಿಳುಚಿಕೊಂಡು ಆಟೋದಲ್ಲಿ ಬಂದ ಹೆಣ್ಣುಮಕ್ಕಳನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧ.

ನಮ್ಮ ದೇಶದಲ್ಲಿ ಒಂಬತ್ತು ವಾರದವರೆಗೆ ಗುಳಿಗೆ ಕೊಡುತ್ತಾರೆ. ಮೊದಲು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ. ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಅದಾದ ಕೆಲವು ತಾಸಿನಲ್ಲಿ ಕಿಬ್ಬೊಟ್ಟೆ ಹಿಂಡುತ್ತದೆ, ಮುಟ್ಟಿಗಿಂತ ಜಾಸ್ತಿ ಹೋಗುತ್ತದೆ, ಗಡ್ಡೆಗಳೂ ಬೀಳುತ್ತವೆ.

ಒಂಬತ್ತು ದಾಟಿದ್ದರೂ ಗಾಬರಿ ಬೇಡ. ಹನ್ನೆರಡು ವಾರದವರೆಗೆ ಎಂವಿಎ ಇದೆ. ದೊಡ್ಡ ಪ್ಲಾಸ್ಟಿಕ್ ಸಿರಿಂಜ್, ಅದಕ್ಕೊಂದು ಮೆತ್ತನೆ ನಳಿಗೆ. ಗರ್ಭಕೋಶದ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಎಳೆದು ತೆಗೆಯುತ್ತಾರೆ. ಐದು ಹತ್ತು ನಿಮಿಷದ ಕೆಲಸ. ಬಂದದ್ದನ್ನು ನಾವು ಜಾಲರಿಯಲ್ಲಿ ತೊಳೆದು, ನೀರಿನ ತಟ್ಟೆಯಲ್ಲಿ ಹರಡಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಏನೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೇ ಹೆಂಗಸನ್ನು ಮೇಜಿನಿಂದ ಇಳಿಸುವುದು. ಲೋಹದ ಚಮಚದಿಂದ ಕೆರೆಯುವ ಹಳೇ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಯಾವ ಪದ್ಧತಿ ಅಂತ ಕೇಳಿಯೇ ಒಪ್ಪಿಕೋ.

ಹನ್ನೆರಡು ದಾಟಿದರೆ ಆಸ್ಪತ್ರೆ ಸೇರಬೇಕು. ಗರ್ಭಕೋಶದ ಬಾಯಿ ಮೆದು ಮಾಡಿ ತೆಗೆಯುತ್ತಾರೆ, ಇಲ್ಲವೇ ತಾಸುಗಟ್ಟಲೆ ಗುಳಿಗೆ ಕೊಟ್ಟು ಹೆರಿಗೆಯಂತೆ ಮಾಡಿಸುತ್ತಾರೆ. ಅದಕ್ಕೇ ತಡ ಮಾಡಬೇಡ ಅನ್ನುವುದು.

ಸಹಿಯ ವಿಷಯ. ಹದಿನೆಂಟು ತುಂಬಿದವಳಿಗೆ ಅವಳ ಸಹಿ ಒಂದೇ ಸಾಕು. 1971ರ ಎಂಟಿಪಿ ಕಾಯ್ದೆಯಲ್ಲಿ, ಅಂದರೆ ಗರ್ಭಪಾತದ ಕಾನೂನಿನಲ್ಲಿ, ಗಂಡನ ಒಪ್ಪಿಗೆ ಅಂತ ಎಲ್ಲೂ ಇಲ್ಲ. 20 ವಾರದವರೆಗೆ ಒಬ್ಬ ಡಾಕ್ಟರು ಒಪ್ಪಿದರೆ ಆಯಿತು. ನಿನ್ನ ಹೆಸರು ಹೊರಗೆ ಹೇಳಿದರೆ ಅದೂ ಅಪರಾಧ. ನಿಮಗೆ ಪಿಂಪ್ರಿಯ ಮುನ್ಸಿಪಲ್ ಆಸ್ಪತ್ರೆ ವೈಸಿಎಂ ಹತ್ತಿರ, ಇಲ್ಲದಿದ್ದರೆ ಸಸೂನ್ ಸರ್ಕಾರಿ ಆಸ್ಪತ್ರೆ ಇದೆ. ಅಲ್ಲಿ ಹೋಗಿ ಕೇಳು. ಖಾಸಗಿಗೆ ಹೋದರೆ ಎಂಟಿಪಿ ಅನುಮತಿ ಪತ್ರ ಇದೆಯಾ ನೋಡು.

ವಾಸ್ಕೋದವಳು:
ಸಿಸ್ಟರ್ ಹೇಳಿದ ಹೆರಿಗೆಯಂಥದ್ದು ನನಗೆ ಆಗಿದೆ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ತಲೆಬುರುಡೆಯೇ ಬೆಳೆದಿಲ್ಲ ಅಂದರು. ಬೇಕು ಅಂತಲೇ ಕಾದಿದ್ದ ಮಗು. ಗುಳಿಗೆ ಕೊಟ್ಟ ಮೇಲೆ ನೋವು ಬೆಳಗಿನ ಜಾವದವರೆಗೂ ಇತ್ತು. ನೋವಿಗೆ ಇಂಜೆಕ್ಷನ್ ಕೇಳಿ ಪಡೆಯಬೇಕು, ಸುಮ್ನೆ ಸಹಿಸಬಾರದು. ಯಾರೂ ಮೊದಲೇ ಹೇಳದೇ ಇದ್ದದ್ದು ಅಂದರೆ, ಮೂರನೇ ದಿನ ನನಗೆ ಎದೆಹಾಲು ಬಂತು. ರವಿಕೆ ಒದ್ದೆಯಾದಾಗ ಅತ್ತೆ ತಬ್ಬಿಕೊಂಡು ಅತ್ತರು. ಹಾಲು ನಿಲ್ಲಿಸಲು ಮಾತ್ರೆ ಇದೆ, ಡಿಸ್ಚಾರ್ಜ್‌ಗೆ ಮೊದಲೇ ಕೇಳಿ. ಈ ದಾರಿಯಲ್ಲಿರುವ ಬೇರೆ ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಬರೆದೆ.

ಡೊಂಬಿವಲಿ ಸಿಸ್ಟರ್:
ನೀವು ಬರೆದದ್ದು ಬಹಳ ಒಳ್ಳೆಯದಾಯಿತು ತಾಯಿ. ಇಂಥ ದೋಷಗಳು ಎಷ್ಟೋ ಸಲ ಕಾಣುವುದೇ 18ರಿಂದ 20ನೇ ವಾರದ ಸ್ಕ್ಯಾನಿನಲ್ಲಿ. 2021ರ ಮೊದಲಿನ ಕಾನೂನು 20 ವಾರಕ್ಕೇ ಬಾಗಿಲು ಹಾಕುತ್ತಿತ್ತು. 2008ರಲ್ಲಿ ನಿಕೇತಾ ಮೆಹ್ತಾ ಅನ್ನುವ ಮುಂಬೈಯ ಹೆಣ್ಣುಮಗಳು, ಮಗುವಿನ ಹೃದಯದಲ್ಲಿ ದೋಷ ಇದೆ ಅಂತ ಹೈಕೋರ್ಟಿಗೆ ಹೋದರು. ಅನುಮತಿ ಸಿಗಲಿಲ್ಲ. ನಮ್ಮ ವಾರ್ಡಿನಲ್ಲಿ ಎಷ್ಟು ದಿನ ಅದೇ ಮಾತು! 2021ರ ತಿದ್ದುಪಡಿ ಬಂದ ಮೇಲೆ ಕೆಲವು ಕಾರಣಗಳಿಗೆ ಇಬ್ಬರು ಡಾಕ್ಟರು ಒಪ್ಪಿದರೆ 24 ವಾರದವರೆಗೆ ಆಗುತ್ತದೆ. ಮಗುವಿಗೆ ತೀವ್ರ ದೋಷ ಇದ್ದರೆ ಅದರ ಆಚೆಗೂ ಮೆಡಿಕಲ್ ಬೋರ್ಡ್ ನಿರ್ಧರಿಸುತ್ತದೆ. ಮದುವೆಯಾಗದವರಿಗೂ 24ರ ಅವಕಾಶ ಇದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು.

ವಾಕಡ್‌ನಿಂದ:
ಅಕ್ಕಾ, ಸೋನೋಗ್ರಫಿ ಆಯಿತು. ಎಂಟು ವಾರ, ಗರ್ಭಕೋಶದ ಒಳಗೇ ಇದೆ. ಗುಳಿಗೆ ಆಗುತ್ತೆ ಅಂದರು, ನನ್ನ ಸಹಿ ಮಾತ್ರ ತಗೊಂಡರು. ಮಗನಿಗೆ ಹಾಲು ಕೊಡಬಹುದಾ? ಯಾವಾಗ ಗಾಬರಿಯಾಗಬೇಕು?

ಡೊಂಬಿವಲಿ ಸಿಸ್ಟರ್:
ಹಾಲು ನಿಲ್ಲಿಸಬೇಕಿಲ್ಲ, ಆದರೂ ಡಾಕ್ಟರಿಗೆ ಒಂದು ಮಾತು ಹೇಳು. ರಕ್ತದ ಗುಂಪು ನೆಗೆಟಿವ್ ಇದ್ದರೆ ಅದನ್ನೂ ಹೇಳು. ತಾಸಿಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹಾಗೇ ಎರಡು ತಾಸು ನಡೆದರೆ ನೇರ ಆಸ್ಪತ್ರೆಗೆ ಹೋಗು. ಜ್ವರ ಒಂದು ದಿನ ದಾಟಿದರೂ, ಕೆಟ್ಟ ವಾಸನೆ ಬಂದರೂ ಅಷ್ಟೆ. ಎರಡನೇ ಗುಳಿಗೆಯ ದಿನ ಮಗನನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಇರಲಿ. ಎರಡು ವಾರಕ್ಕೆ ತೋರಿಸಲು ಹೋಗುತ್ತೀಯಲ್ಲ, ಅವತ್ತೇ ಕಾಪರ್-ಟಿ ಬಗ್ಗೆ ಕೇಳು. ಮುಂದಿನ ಮುಟ್ಟು ಬರುವ ಮೊದಲೇ ಮತ್ತೆ ಬಸಿರಾಗಬಹುದು.