ಬೆಂಗಳೂರು ದಕ್ಷಿಣದ ಎಂಪಿ ಆಗಿದ್ದ ಜಸ್ಟಿಸ್ ಕೆ.ಎಸ್. ಹೆಗ್ಡೆ ಬಗ್ಗೆ ಗೊತ್ತಿದ್ದವರು ಹೇಳಿ

ಬಸವನಗುಡಿ_ಅಮ್ಮ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಮಗಳ ಸೀಟಿನ ವಿಚಾರಕ್ಕೆ ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿಗೆ ಹೋಗಿದ್ದೆ. ಮನೆಗೆ ಬಂದು ಹೇಳಿದರೆ ನಮ್ಮಪ್ಪ, "ನಿಟ್ಟೆ ಅಂದ್ರೆ ಹೆಗ್ಡೆಯವರದ್ದಲ್ವಾ, 1977ರಲ್ಲಿ ನಾನು ಅವರಿಗೇ ವೋಟು ಹಾಕಿದ್ದೆ" ಅಂದರು. ಅವರು ಅದಕ್ಕೆ ಮುಂಚೆ ಸುಪ್ರೀಂ ಕೋರ್ಟಿನಲ್ಲಿ ಜಡ್ಜ್ ಆಗಿದ್ದರಂತೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಜಡ್ಜ್ ಆಗಿದ್ದವರು ಚುನಾವಣೆಗೆ ನಿಲ್ಲೋದು ಸರಿನಾ?

ಹಳೇ_ವಕೀಲ:
ಅಮ್ಮಾ, ನಿಮ್ಮ ತಂದೆ ಹೇಳಿದ್ದು ಸರಿ. ಕೌಡೂರು ಸದಾನಂದ ಹೆಗ್ಡೆ, ಕಾರ್ಕಳ ಕಡೆಯವರು. 1933ರಲ್ಲಿ ವಕೀಲಿಕೆ ಶುರು ಮಾಡಿದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ಜಡ್ಜ್ ಆದರು, ಹತ್ತು ವರ್ಷಕ್ಕೆ ಸುಪ್ರೀಂ ಕೋರ್ಟು. ನಮ್ಮ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಹಾಕಿದ ಕೇಸು ಇದೆಯಲ್ಲ, ಕೇಶವಾನಂದ ಭಾರತಿ ಕೇಸು, ಅದನ್ನು ಕೇಳಿದ 13 ಜನ ಜಡ್ಜ್‌ಗಳಲ್ಲಿ ಇವರೂ ಒಬ್ಬರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನೇ ಕೆಡಿಸುವ ಹಾಗಿಲ್ಲ ಅಂತ 7-6ರಲ್ಲಿ ತೀರ್ಪು ಬಂತು. ಆ ಏಳರಲ್ಲಿ ಒಂದು ಇವರದ್ದು. ಒಂದೇ ಒಂದು ಮತ ಆ ಕಡೆ ಹೋಗಿದ್ದರೆ ಏನಾಗುತ್ತಿತ್ತು ಯೋಚನೆ ಮಾಡಿ!

ತೀರ್ಪು ಬಂದಿದ್ದು 1973ರ ಏಪ್ರಿಲ್ 24ಕ್ಕೆ. ಅದರ ಬೆನ್ನಿಗೇ ಸೀನಿಯಾರಿಟಿಯಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ, ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು ಸರ್ಕಾರ. ಮೂವರೂ ರಾಜೀನಾಮೆ ಕೊಟ್ಟು ಎದ್ದು ಬಂದರು. ಆಮೇಲೆ ಚುನಾವಣೆಗೆ ನಿಂತಿದ್ದರಲ್ಲಿ ತಪ್ಪೇನಿದೆ? ಅಷ್ಟು ಹೊತ್ತಿಗೆ ಕುರ್ಚಿ ಬಿಟ್ಟು ನಾಲ್ಕು ವರ್ಷ ಆಗಿತ್ತು.

ಮಲ್ಲೇಶ್ವರಂ_8ನೇ_ಕ್ರಾಸ್:
ವಕೀಲರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಎಲ್ಲರೂ 1977ನ್ನೇ ಹಿಡಿದುಕೊಳ್ಳುತ್ತಾರೆ. ನನಗೆ ಮುಜುಗರ ಆಗೋದು 1957ರ ವಿಚಾರಕ್ಕೆ. ಆಳುವ ಪಕ್ಷದ ಸದಸ್ಯರಾಗಿದ್ದವರು ನೇರವಾಗಿ ಹೈಕೋರ್ಟ್ ಜಡ್ಜ್ ಆಗೋದು ಇವತ್ತು ನಡೆದರೆ ನಾವು ಸುಮ್ನೆ ಇರ್ತೀವಾ? ಹೆಗ್ಡೆಯವರು ಅದೇ ಪಕ್ಷದ ಸರ್ಕಾರಕ್ಕೆ ಇಷ್ಟವಿಲ್ಲದ ತೀರ್ಪು ಬರೆದರು, ಅದು ಅವರ ದೊಡ್ಡತನ. ಅವರ ಬಗ್ಗೆ ಗೌರವ ಜಾಸ್ತಿಯೇ ಇದೆ. ಆದರೆ ಎಲ್ಲರೂ ಹಾಗಿರುತ್ತಾರೆ ಅಂತ ನಂಬಿಕೊಂಡು ಈ ಬಾಗಿಲು ತೆರೆದಿಡೋಕಾಗಲ್ಲ.

ಕಾರ್ಕಳದ_ಹುಡುಗ:
ನಮ್ಮೂರಿನವರ ಬಗ್ಗೆ ಇಲ್ಲಿ ಓದಿ ಖುಷಿಯಾಯಿತು. ನಿಟ್ಟೆ ಅನ್ನೋದು ಕಾರ್ಕಳ ತಾಲೂಕಿನ ಒಂದು ಹಳ್ಳಿ. ಅಲ್ಲಿ ಹೆಗ್ಡೆಯವರ ಶಿಕ್ಷಣ ಟ್ರಸ್ಟ್ ಶುರುವಾಗಿದ್ದು 1979ರಲ್ಲಿ, ಅಂದರೆ ಅವರು ದೆಹಲಿಯಲ್ಲಿ ಲೋಕಸಭೆಯ ಸ್ಪೀಕರ್ ಆಗಿದ್ದಾಗಲೇ! ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದ ಮೇಲೆ 1977ರ ಜುಲೈನಲ್ಲಿ ಆ ಜಾಗಕ್ಕೆ ಇವರು ಬಂದಿದ್ದರು. ನಮ್ಮ ಕಡೆ ಆಗೆಲ್ಲ ಹುಡುಗರು ಶಾಲೆ ಬಿಟ್ಟರೆ ಬೊಂಬಾಯಿ ಬಸ್ಸು ಹತ್ತಿ ಹೋಟೆಲ್ ಸೇರೋದೇ ರೂಢಿ, ನಮ್ಮ ದೊಡ್ಡಪ್ಪನೂ ಹಾಗೆ ಹೋದವರೇ. ಅಂಥ ಹಳ್ಳಿಗೆ 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಅವರು 1990ರಲ್ಲಿ ತೀರಿಕೊಂಡರು. ಮಂಗಳೂರಿನ ಹತ್ತಿರ ದೇರಳಕಟ್ಟೆಯಲ್ಲಿ ಅವರ ಹೆಸರಿನ ಆಸ್ಪತ್ರೆ ಇದೆ. ಯಲಹಂಕದ ಕಾಲೇಜು ಬಂದಿದ್ದು 2001ರಲ್ಲಿ. ನಮ್ಮ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಇವರ ಮಗನೇ.

ಹಳೇ_ವಕೀಲ:
ಇನ್ನೊಂದು ಮಾತು ಮರೆತಿದ್ದೆ. 1977ರಲ್ಲಿ ದೇಶದ ಬೇರೆ ಕಡೆ ಜನತಾ ಅಲೆ ಇದ್ದರೂ ಕರ್ನಾಟಕದ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಹೋಗಿತ್ತು. ಉಳಿದ ಎರಡರಲ್ಲಿ ಒಂದು ನಿಮ್ಮ ಬಸವನಗುಡಿ ಇರುವ ಕ್ಷೇತ್ರ. ಸೋತವರು ಕೆಂಗಲ್ ಹನುಮಂತಯ್ಯ.

ಬಸವನಗುಡಿ_ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೂರ್ತಿ ಅಪ್ಪನಿಗೆ ಓದಿ ಹೇಳಿದೆ. ಕೆಂಗಲ್ ಹೆಸರು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ವಿಧಾನಸೌಧ ಕಟ್ಟಿಸಿದವರನ್ನು ಬಿಟ್ಟು ಬೇರೆಯವರಿಗೆ ವೋಟು ಹಾಕೋಕೆ ಬಹಳ ಸಂಕಟ ಆಗಿತ್ತಂತೆ. ಆದರೆ ಆ ರಾಜೀನಾಮೆಯ ಸುದ್ದಿಯನ್ನು ಪೇಪರಿನಲ್ಲಿ ಓದಿದ್ದು ತಲೆಯಲ್ಲೇ ಇತ್ತು ಅಂದರು.