ಸಾವಿರ ಸುಳ್ಳಿನ ಲೆಕ್ಕ

ಭಾನುವಾರ ಬೆಳಿಗ್ಗೆ ನಮ್ಮ ‘ಮನೆ ಮಂದಿ’ ಗುಂಪಿಗೆ ಚಿಕ್ಕಮ್ಮ ಒಂದು ಚಿತ್ರ ಹಾಕಿದರು. ಹಳದಿ ಹಿನ್ನೆಲೆ, ಮೂಲೆಯಲ್ಲಿ ದೀಪ, ತಲೆಯ ಮೇಲೆ ಹಲವು ಬಾರಿ ಫಾರ್ವರ್ಡ್ ಆದ ಗುರುತು. ಒಳಗಿದ್ದದ್ದು ಇಷ್ಟು: ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವುದು ತಪ್ಪು. ಸಾವಿರ ಸಲ ಹೋಗಿ ಹೇಳಿ ಮದುವೆ ಮಾಡು ಎಂಬುದೇ ನಮ್ಮ ಹಿರಿಯರ ಮೂಲ ಮಾತು. ಕೆಟ್ಟುಹೋದ ಗಾದೆಗಳನ್ನು ಸರಿಪಡಿಸೋಣ.’ ದೊಡ್ಡಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅರ್ಧ ವಾಕ್ಯ ಬರೆದರೂ ತಿದ್ದುತ್ತಾರೆಂದು ಈ ಗುಂಪಿನಲ್ಲಿ ಎಲ್ಲರೂ ಪರೀಕ್ಷೆ ಬರೆಯುವವರ ಹಾಗೆಯೇ ಬರೆಯುತ್ತಾರೆ. ಆ ದಿನದ ಮಾತುಕತೆಯನ್ನು ನಡುವಿನ ಶುಭೋದಯಗಳನ್ನು ಬಿಟ್ಟು ಇಲ್ಲಿ ಇಳಿಸಿದ್ದೇನೆ.

ದೊಡ್ಡಪ್ಪ: ತಾಯಿ, ಈ ಚಿತ್ರ ಮಾಡಿದವರಿಗೆ ಕನ್ನಡ ಬರುತ್ತದೆಯೇ ಎಂದು ನನಗೆ ಅನುಮಾನ. ‘ಸುಳ್ಳು’ ಎಂಬ ಮಾತು ಎಷ್ಟು ಸವೆದರೂ ‘ಸಲ’ ಆಗುವುದಿಲ್ಲ, ‘ಹೋಗಿ’ಯಂತೂ ಆಗುವುದೇ ಇಲ್ಲ. ಹಳಗನ್ನಡಕ್ಕೆ ಹೋದರೆ ಸುಳ್ಳಿಗೆ ‘ಪುಸಿ’ ಎಂಬ ಮಾತಿದೆ, ಅದೇ ಮುಂದೆ ‘ಹುಸಿ’ಯಾಯಿತು, ಬಸವಣ್ಣನವರು ‘ಹುಸಿಯ ನುಡಿಯಲು ಬೇಡ’ ಎಂದಾಗ ಬಳಸಿದ್ದು ಅದನ್ನೇ. ಅದರಿಂದಲೂ ಈ ಚಿತ್ರದವರ ಅರ್ಥಕ್ಕೆ ದಾರಿಯಿಲ್ಲ.

ಅಣ್ಣ (ಚೆನ್ನೈ): ಇದರ ತವರು ನಾನಿರುವ ಊರಿನ ಕಡೆ, ಅಪ್ಪ. ತಮಿಳಿನಲ್ಲಿ ಸುಳ್ಳಿಗೆ ‘ಪೊಯ್’ ಎನ್ನುತ್ತಾರೆ, ಹೋಗಿ ಎನ್ನುವುದಕ್ಕೆ ‘ಪೋಯ್’. ಒಂದು ದೀರ್ಘದ ಅಂತರ ಅಷ್ಟೇ ಆದ್ದರಿಂದ, ‘ಆಯಿರಂ ಪೊಯ್ ಸೊಲ್ಲಿ’ ಎಂಬ ಗಾದೆಯನ್ನು ‘ಪೋಯ್ ಸೊಲ್ಲಿ’ ಎಂದು ಓದಿ, ಸಾವಿರ ಜನರ ಮನೆಗೆ ಹೋಗಿ ಹೇಳಿ ಕರೆದು ಮದುವೆ ಮಾಡಬೇಕೆಂಬ ಅರ್ಥ ಹಚ್ಚುವವರು ಇಲ್ಲಿದ್ದಾರೆ. ಯಾರೋ ಅದನ್ನು ಕನ್ನಡಕ್ಕೆ ತಂದಿದ್ದಾರೆ. ಶ್ಲೇಷೆ ಗಡಿ ದಾಟಲಿಲ್ಲ, ಅರ್ಥ ಮಾತ್ರ ದಾಟಿತು. ಇದೇ ಗಾದೆ ತೆಲುಗಿನಲ್ಲೂ ಇದೆ. ಅಲ್ಲಿ ಸುಳ್ಳಿಗೆ ‘ಅಬದ್ಧಂ’ ಎನ್ನುತ್ತಾರೆ, ಆ ಮಾತನ್ನು ಎಷ್ಟು ಹಿಂಡಿದರೂ ‘ಹೋಗಿ’ ಹೊರಬರುವುದಿಲ್ಲ. ಮೂರು ನಾಡಿನ ಹಿರಿಯರೂ ಒಟ್ಟಿಗೆ ತಪ್ಪಾಗಿ ಕೇಳಿಸಿಕೊಂಡರೇ? ಇಂಥದ್ದೇ ಇನ್ನೊಂದು ಇಲ್ಲಿ ಓಡಾಡುತ್ತದೆ. ಮಣ್ಣಿನ ಕುದುರೆಯನ್ನು ನಂಬಿ ಹೊಳೆಗೆ ಇಳಿಯಬಹುದೇ ಎಂಬ ತಮಿಳು ಗಾದೆಯಲ್ಲಿರುವುದು ಕುದುರೆಯೇ ಅಲ್ಲವಂತೆ. ‘ಕುದಿರ್’ ಎಂದರೆ ಹೊಳೆಯ ನಡುವಿನ ಮಣ್ಣುದಿಬ್ಬವಂತೆ. ಕೇಳಿ ನಗು ಬಂತು.

ಚಿಕ್ಕಮ್ಮ: ನಗುವ ಮೊದಲು ನನ್ನ ತವರಿಗೆ ಬಂದು ನೋಡು. ಕುಂದಾಪುರದ ಪಂಚಗಂಗಾವಳಿ ಹೊಳೆಯ ನಡುವೆ ಇರುವ ನಡುಗಡ್ಡೆಗಳಿಗೆ ನಾವು ಇಂದಿಗೂ ಹೇಳುವುದು ‘ಕುದ್ರು’ ಎಂದೇ. ಅಲ್ಲಿ ತೆಂಗಿನ ತೋಟಗಳಿವೆ, ಮನೆಗಳಿವೆ. ಮಳೆಗಾಲದಲ್ಲಿ ಅಂಚಿನ ಮಣ್ಣು ಕುಸಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ನಂಬಿ ನೀರಿಗೆ ಇಳಿಯಬೇಡ ಎಂದು ಹೊಳೆಯ ದಡದವರು ಹೇಳಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ದೊಡ್ಡಪ್ಪ: ಇದು ಒಪ್ಪತಕ್ಕ ಮಾತು. ಆ ಗಾದೆಯ ಮೂಲ ಅದೇ ಎಂದು ನಾನು ಹೇಳಲಾರೆ, ಮಣ್ಣಿನ ಕುದುರೆ ನೀರಿನಲ್ಲಿ ಕರಗುವ ಚಿತ್ರವೂ ಅಷ್ಟೇ ಚೆನ್ನಾಗಿದೆ. ಆದರೆ ನೀನು ಬಳಕೆಯಲ್ಲಿರುವ ಒಂದು ಪದವನ್ನು ತೋರಿಸಿದೆ. ಹಳದಿ ಚಿತ್ರದವರು ಅಷ್ಟನ್ನೂ ತೋರಿಸಲಿಲ್ಲ.

ಚಿಕ್ಕಮ್ಮ: ಪದ ಹೇಗಾದರೂ ಇರಲಿ, ಭಾವ. ಗಾದೆ ವೇದಕ್ಕೆ ಸಮಾನ ಎಂದು ಮೂವತ್ತು ವರ್ಷ ಪಾಠ ಮಾಡಿದವರು ನೀವೇ. ವೇದಕ್ಕೆ ಸಮಾನವಾದದ್ದು ಸುಳ್ಳು ಹೇಳು ಎಂದು ಬೋಧಿಸುತ್ತದೆಂದು ಮಕ್ಕಳಿಗೆ ಹೇಗೆ ಹೇಳುವುದು? ಅರ್ಥ ಸ್ವಲ್ಪ ತಿದ್ದಿದರೆ ಯಾರಿಗೆ ನಷ್ಟ?

ದೊಡ್ಡಪ್ಪ: ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳಲ್ಲಿ ಗಾದೆ ವಿಸ್ತರಣೆಯ ಪ್ರಶ್ನೆಗೆ ಬಂದ ಉತ್ತರಗಳೆಲ್ಲ ಒಂದೇ ಅಚ್ಚಿನವು: ‘ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು.’ ಕೇಳಿದ್ದು ಯಾವ ಗಾದೆಯಾದರೂ ಮೊದಲ ಎರಡು ಸಾಲು ಅವೇ, ಕೊನೆಗೆ ಒಂದು ನೀತಿ. ಗಾದೆಯೆಂದರೆ ಅಪ್ಪಣೆ ಎಂಬ ಭ್ರಮೆ ನಮ್ಮಿಂದಲೇ, ಮೇಷ್ಟ್ರುಗಳಿಂದಲೇ, ಹುಟ್ಟಿರಬೇಕು. ‘ಹಿತ್ತಲ ಗಿಡ ಮದ್ದಲ್ಲ’ ಎಂದವರು ಹಿತ್ತಲಿನ ತುಳಸಿಯನ್ನು ಕಿತ್ತೆಸೆಯಿರಿ ಎಂದರೇ? ಹತ್ತಿರದಲ್ಲಿರುವ ಗುಣವನ್ನು ಕಾಣದವರನ್ನು ಕುಟುಕಲು, ಅವರದೇ ಧಾಟಿಯಲ್ಲಿ ಆಡಿದ ಮಾತು ಅದು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬಲ್ಲಿಯೂ ‘ನೋಡು’ ಇದೆ. ಕೇಳಿದವರು ನಿಟ್ಟುಸಿರು ಬಿಡುತ್ತಾರೆಯೇ ಹೊರತು ಇಟ್ಟಿಗೆ ತರಲು ಹೊರಡುವುದಿಲ್ಲ. ಕಿಟೆಲ್ ಅವರ 1894ರ ನಿಘಂಟನ್ನು ತೆರೆದು ನೋಡಿ, ಪದಗಳ ಬಳಕೆಗೆ ಸಾಕ್ಷಿಯಾಗಿ ಅವರು ಗಾದೆಗಳನ್ನು ಕೊಡುತ್ತಾ ಹೋಗುತ್ತಾರೆ. ಜನ ಆಡಿದ್ದನ್ನು ಆಡಿದ ಹಾಗೆ ಬರೆದಿಟ್ಟದ್ದರಿಂದ ಅದು ಇಂದಿಗೂ ಕೆಲಸಕ್ಕೆ ಬರುತ್ತದೆ. ಪ್ರತಿ ತಲೆಮಾರೂ ತನಗೆ ನಾಚಿಕೆಯಾದದ್ದನ್ನು ತಿದ್ದುತ್ತಾ ಬಂದಿದ್ದರೆ ನಮ್ಮ ಕೈಗೆ ಉಳಿಯುತ್ತಿದ್ದದ್ದು ಕ್ಯಾಲೆಂಡರಿನ ಸುಭಾಷಿತ ಮಾತ್ರ.

ತಂಗಿ: ದೊಡ್ಡಪ್ಪ, ಇದಕ್ಕೆ ನನ್ನ ತಕರಾರಿದೆ. ‘ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ’ ಎನ್ನುವುದನ್ನು ಕುಟುಕು ಎಂದು ಬಿಡಲು ನನ್ನಿಂದಾಗದು, ಏಕೆಂದರೆ ಆ ಮಾತು ಕುಟುಕಿದ್ದು ನನ್ನಂಥವರನ್ನು. ಅದಕ್ಕೆ ಯಾರಾದರೂ ಸುಂದರವಾದ ‘ಮೂಲ ಅರ್ಥ’ ಹುಡುಕಿ ತಂದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಹಾಗೆ ಮಾಡಿದರೆ ಅದನ್ನು ಹೇಳಿದವರೂ ತಪ್ಪಿಸಿಕೊಳ್ಳುತ್ತಾರೆ, ಕೇಳಿ ನೊಂದವರು ದಡ್ಡರೂ ಆಗುತ್ತಾರೆ. ನಿಘಂಟಿನಲ್ಲಿ ಇರಲಿ, ನಾಲಿಗೆಯ ಮೇಲೆ ಬೇಡ. ಸಾವಿರ ಸುಳ್ಳಿನ ಗಾದೆಯೂ ಅಷ್ಟೇ. ಹುಡುಗನ ಕಾಯಿಲೆಯನ್ನೋ ಕುಡಿತವನ್ನೋ ಮುಚ್ಚಿಟ್ಟು ಮದುವೆ ಮಾಡಿದವರು, ಗುಟ್ಟು ಹೊರಬಿದ್ದ ದಿನ ಎಲ್ಲರೆದುರು ಹೇಳುವುದು ಇದೇ ಗಾದೆಯನ್ನಲ್ಲವೇ?

ನಾನು: ಹೌದು, ಮತ್ತು ಆ ಸಮರ್ಥನೆ ಇವತ್ತಿನದೂ ಅಲ್ಲ. ಮಹಾಭಾರತದ ಆದಿಪರ್ವದಲ್ಲಿ ಶರ್ಮಿಷ್ಠೆ ಯಯಾತಿಗೆ ಪಾಪವಲ್ಲದ ಐದು ಸುಳ್ಳುಗಳನ್ನು ಹೇಳುತ್ತಾಳೆ: ತಮಾಷೆಯ ಮಾತಿನಲ್ಲಿ, ಹೆಂಗಸರ ವಿಷಯದಲ್ಲಿ, ಮದುವೆಯ ಹೊತ್ತಿನಲ್ಲಿ, ಪ್ರಾಣ ಹೋಗುವಾಗ, ಸರ್ವಸ್ವವೂ ಕಳೆದುಹೋಗುವಾಗ. ಭಾಗವತದಲ್ಲಿ ಶುಕ್ರಾಚಾರ್ಯರು ಬಲಿಗೆ ಬುದ್ಧಿ ಹೇಳುವಾಗ ಕೊಡುವ ಇಂಥ ಪಟ್ಟಿಯಲ್ಲೂ ಮದುವೆ ಇದೆ. ‘ನಮ್ಮ ಹಿರಿಯರು ಹಾಗೆ ಹೇಳಿರಲಿಕ್ಕಿಲ್ಲ’ ಎಂಬ ಈ ಚಿತ್ರದ ಬುಡವೇ ಅಲ್ಲಿಗೆ ಅಲ್ಲಾಡುತ್ತದೆ. ಮದುವೆಯಲ್ಲಿ ಸುಳ್ಳು ನಡೆಯುತ್ತದೆಂದು ಹಿರಿಯರಿಗೆ ಗೊತ್ತಿತ್ತು, ಕೆಲವರು ಅದಕ್ಕೆ ಶಾಸ್ತ್ರದ ಮುದ್ರೆಯನ್ನೂ ಒತ್ತಿದ್ದರು. ಗಾದೆಯಲ್ಲಿ ನನಗೆ ಕೇಳಿಸುವ ದನಿ ಮದುವೆ ಮನೆಯ ಉಗ್ರಾಣದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವವರದು: ಎಷ್ಟು ಸುಳ್ಳು ಸೇರಿದರೆ ಒಂದು ಮದುವೆಯಾದೀತು, ನೀವೇ ಲೆಕ್ಕ ಹಾಕಿ ಎಂಬಂತೆ. ಆ ದನಿಯಲ್ಲಿ ಆಡಿಕೊಂಡು ನಗುವವರೂ ಇದ್ದಾರೆ, ಅದರ ಮರೆಯಲ್ಲಿ ಅಡಗುವವರೂ ಇದ್ದಾರೆ. ‘ಸಾವಿರ ಸಲ ಹೋಗಿ’ ಎಂದು ತಿದ್ದಿದರೆ ಇಬ್ಬರೂ ಮಾಯವಾಗುತ್ತಾರೆ. ಉಳಿಯುವುದು ಮದುವೆಗೆ ಕರೆಯುವ ಕ್ರಮ ಒಂದೇ, ಅದಕ್ಕೆ ಗಾದೆ ಏಕೆ ಬೇಕು?

ಚಿಕ್ಕಮ್ಮ: ಸರಿಯಪ್ಪಾ. ಚಿತ್ರ ತೆಗೆದುಹಾಕೋಣವೆಂದರೆ ಎಲ್ಲರೂ ಆಗಲೇ ನೋಡಿಬಿಟ್ಟಿದ್ದೀರಿ. ಆದರೆ ಕುದ್ರು ನನ್ನದೇ, ಅದನ್ನು ಬಿಟ್ಟುಕೊಡುವುದಿಲ್ಲ.

ಅತ್ತೆ (ತೀರ್ಥಹಳ್ಳಿ): ಬೆಳಿಗ್ಗೆಯಿಂದ ಅಡಿಕೆ ಸುಲಿಯುತ್ತಾ ನಿಮ್ಮ ಮಾತನ್ನೆಲ್ಲ ಓದಿದೆ. ಅಣ್ಣ, ಕಿಟೆಲ್ ಅವರನ್ನು ಬದಿಗಿಟ್ಟು ಒಂದು ಮಾತು ಹೇಳು. ನನ್ನನ್ನು ನೋಡಲು ಬಂದ ದಿನ ಇವರ ಮನೆಯವರ ಮುಂದೆ ನೀನು ಏನು ಹೇಳಿದ್ದೆ?

ದೊಡ್ಡಪ್ಪ: ಹೋಳಿಗೆಯನ್ನು ನೀನೇ ತಟ್ಟಿದ್ದೆಂದು ಹೇಳಿದ್ದೆ. ಪಕ್ಕದ ಮನೆಯಿಂದ ಮಾಡಿಸಿ ತಂದದ್ದು. ಅಪ್ಪಯ್ಯನೇ ಹೇಳಿಕೊಟ್ಟಿದ್ದರು.

ಅತ್ತೆ: ನನಗೆ ಅಂದೇ ಗೊತ್ತಿತ್ತು, ತಟ್ಟೆ ಹಿಡಿದು ನಿಂತವಳು ನಾನಲ್ಲವೇ. ಇವರ ಕಡೆಯವರು ಐದು ಎಕರೆ ತೋಟ ಎಂದಿದ್ದರು, ಬಂದು ನೋಡಿದರೆ ಒಂದೂವರೆ. ಅಲ್ಲಿಗೆ ಆ ಕಡೆಯದೊಂದು, ಈ ಕಡೆಯದೊಂದು. ಸಾವಿರಕ್ಕೆ ಇನ್ನೂ ಒಂಬೈನೂರ ತೊಂಬತ್ತೆಂಟು ಬಾಕಿ ಇದೆ. ಯಾರ್‍ಯಾರು ಏನೇನು ಹೇಳಿದ್ದಿರೋ ಇಲ್ಲೇ ಬರೆಯಿರಿ, ಇವರಿಗೂ ಓದಿ ಹೇಳುತ್ತೇನೆ.